ಒಂದು ಸಾಲು ಕೆಳಗೆ

"ಮುದುಕಾ, ಅದನ್ನ ನೋಡ್ತಾ ನಿಂತ್ರೆ ಆಗಲ್ಲ. ಕಾಲಿಗೆ ಹಾಕ್ಕೋಬೇಕು," ಎಂದಳು ಹೆಂಡತಿ ಕುಲ್ಯಾಶ್.

ಕೆಂಜೆಬೆಕ್ ನೀಲಿ ಪ್ಲಾಸ್ಟಿಕ್ ಚೀಲಗಳನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತಿದ್ದ. ಬೂಟಿನ ಮೇಲೆ ಅವನ್ನು ತೊಡದೆ ಯಾರನ್ನೂ ಒಳಗೆ ಬಿಡುವುದಿಲ್ಲ. ಎಪ್ಪತ್ತೇಳು ವರ್ಷಗಳ ಹಿಂದೆ ಇದೇ ಮನೆಯಲ್ಲಿ ಹುಟ್ಟಿ, ಇದೇ ಹೊಸ್ತಿಲು ದಾಟಿ ಬರಿಗಾಲಲ್ಲಿ ಓಡಾಡಿದವನಿಗೆ ಈಗ ಈ ಮರ್ಯಾದೆ! ಅವನ ಸೊಂಟ ಬಗ್ಗದು. ಕುಲ್ಯಾಶಳೇ ಗೊಣಗುತ್ತ ಮಂಡಿಯೂರಿ ತೊಡಿಸಿದಳು.

"ಇವತ್ತಾದ್ರೂ ಬಾಯಿ ಬಿಡು. ಹೇಳ್ದೆ ವಾಪಸ್ ಬಂದ್ಯೋ, ಬಸ್ಸಲ್ಲಿ ನನ್ನ ಪಕ್ಕ ಕೂರ್ಬೇಡ."

ಲೇಖಕ ಯೆರ್ಗೋಜಾ ಹುಟ್ಟಿ ಬೆಳೆದ ಮರದ ಮನೆ ಅದು. ಈಗ ಮ್ಯೂಸಿಯಂ. ಬರುವ ತಿಂಗಳು ಲೇಖಕನ ನೂರನೇ ಹುಟ್ಟುಹಬ್ಬ. ಗೋಡೆಯ ಮೇಲಿನ ಕಾಗದದ ವಂಶಾವಳಿಯನ್ನು ತೆಗೆದು ಹಿತ್ತಾಳೆಯಲ್ಲಿ ಕೆತ್ತಿಸಿದ್ದನ್ನು ಹಾಕುತ್ತಾರಂತೆ. ಸೋಮವಾರ ಹೆಸರುಗಳ ಪಟ್ಟಿ ಕೆತ್ತುವವನ ಕೈಗೆ ಹೋಗುತ್ತದೆ. ಮೊಮ್ಮಕ್ಕಳ ಹೆಸರು ಬರೆಸಿ ಹೋಗಿ ಎಂದು ಮ್ಯೂಸಿಯಂ ನೋಡಿಕೊಳ್ಳುವ ರೈಗುಲ್ ಫೋನು ಮಾಡಿದ್ದಳು.

ಆ ಹುಲ್ಲುಗಾವಲು ಸೀಮೆಯಲ್ಲಿ ಮೊದಲ ಮಗು ಅಜ್ಜ ಅಜ್ಜಿಯ ಪಾಲು. ಅದರಲ್ಲಿ ಕೇಳುವುದು ಹೇಳುವುದು ಏನೂ ಇರಲಿಲ್ಲ. ಯೆರ್ಗೋಜಾನ ಚೊಚ್ಚಲ ಮಗ ಕೆಂಜೆಬೆಕ್ ಮೊಲೆ ಬಿಡುತ್ತಲೇ ಅಜ್ಜನ ಕೊನೆಯ ಮಗನಾದ, ಕಾಗದಪತ್ರದಲ್ಲೂ ಹಾಗೆಯೇ. ಅಜ್ಜನನ್ನು ಅಪ್ಪ ಎಂದ. ಹುಟ್ಟಿಸಿದವನನ್ನು ಅಣ್ಣ ಎಂದ. ಹೆತ್ತವಳನ್ನು ಅತ್ತಿಗೆ ಎಂದು ಕರೆದೇ ದೊಡ್ಡವನಾದ. ಊರಿಗೆಲ್ಲ ಗೊತ್ತು, ಯಾರೂ ಬಾಯಿಬಿಟ್ಟು ಹೇಳರು. ಹೇಳಿದರೆ ಸಾಕಿದ ಮುದುಕನ ಎದೆ ಒಡೆದೀತು. ಯೆರ್ಗೋಜಾ ರಾಜಧಾನಿ ಸೇರಿ ಹೆಸರು ಮಾಡಿದ. ಅಲ್ಲಿ ಇಬ್ಬರು ಹೆಣ್ಣುಮಕ್ಕಳಾದರು. ವರ್ಷಕ್ಕೊಮ್ಮೆ ಊರಿಗೆ ಬಂದರೆ ಬೀದಿ ಮಕ್ಕಳಿಗೆಲ್ಲ ಮಿಠಾಯಿ ಹಂಚುತ್ತಿದ್ದ. ಕೆಂಜೆಬೆಕನಿಗೂ ಅಷ್ಟೇ ಸಿಗುತ್ತಿತ್ತು, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಸಾಕಿದ ಮುದುಕ ಮಣ್ಣಾದ ಮೇಲಾದರೂ ಒಮ್ಮೆ 'ಮಗನೇ' ಎಂದಾನೆಂದು ಇವನು ಕಾದ. ಯೆರ್ಗೋಜಾ ಅನ್ನದೆಯೇ ಸತ್ತ.

ಸತ್ತು ಮೂವತ್ತು ವರ್ಷವಾಯಿತು. ಆದರೂ ಆಸೆ ಸಾಯಬೇಕಲ್ಲ! ಮೊಮ್ಮಕ್ಕಳು ಏಳು ತಲೆಮಾರಿನ ಹಿರಿಯರ ಹೆಸರನ್ನು ಗಿಣಿಪಾಠದಂತೆ ಒಪ್ಪಿಸುವಾಗ ಯೆರ್ಗೋಜಾನನ್ನು ಹಾರಿಸಿ ಮುಂದೆ ಹೋಗುತ್ತವೆ. ಪ್ರತಿಸಲವೂ ಇವನು ಆ ಹೆಸರನ್ನು ಮನಸ್ಸಿನಲ್ಲೇ ಸೇರಿಸಿಕೊಳ್ಳುತ್ತಾನೆ.

"ಬನ್ನಿ ತಾತ, ನಿಮಗೇ ಕಾಯ್ತಿದ್ದೆ," ಎಂದು ರೈಗುಲ್ ಗೋಡೆಯ ಬಳಿ ಕರೆದೊಯ್ದಳು. "ನೋಡಿ, ಅಣ್ಣನ ಪಕ್ಕದಲ್ಲೇ ಇದೀರಿ."

ಕೆಂಜೆಬೆಕ್ ನೋಡಿದ. ಗಂಟಲು ಸರಿಮಾಡಿಕೊಂಡ. ಟೋಪಿ ತೆಗೆದ, ಮತ್ತೆ ಹಾಕಿಕೊಂಡ. "ನನ್ನನ್ನ ಒಂದು ಸಾಲು ಕೆಳಗೆ ಇಳಿಸ್ಬೇಕಿತ್ತು, ಮಗಳೇ."

"ಕೆಳಗಾ? ತಮ್ಮ ಕೆಳಗೆ ಹೆಂಗೆ ಬರ್ತಾನೆ ತಾತ?"

"ಮಗ ಆದ್ರೆ ಬರ್ತಾನೆ," ಎಂದಳು ಕುಲ್ಯಾಶ್.

ರೈಗುಲ್ ಅದೇ ನೀರು ಕುಡಿದು ಬೆಳೆದ ಹುಡುಗಿ, ಬಿಡಿಸಿ ಹೇಳಬೇಕಾಗಲಿಲ್ಲ. "ನಮ್ಮಣ್ಣನೂ ಅಜ್ಜಿ ಮಗನಾಗೇ ಬೆಳೆದೋನು, ತಾತ. ಈಗ್ಲೂ ನಮ್ಮಮ್ಮನ್ನ ಹೆಸರು ಹಿಡಿದು ಕರೀತಾನೆ. ಆದ್ರೆ ನಾನು ಬಾಯಿಮಾತು ನಂಬಿ ಹಿತ್ತಾಳೆ ಮೇಲೆ ಬರೆಸೋಕಾಗಲ್ಲ. ಅವರ ಹೆಣ್ಮಕ್ಕಳು ಕೇಳ್ತಾರೆ, ಮೇಲಿನವರು ಕೇಳ್ತಾರೆ."

"ಅವನೇ ಎಲ್ಲಾದ್ರೂ ಬರೆದಿದ್ರೆ?" ಎಂದ ಕೆಂಜೆಬೆಕ್.

ರೈಗುಲ್ ಬೀಗ ಹಾಕಿದ ಬೀರುವಿನತ್ತ ನೋಡಿದಳು.

"ಇಷ್ಟು ಕಾಗದ ಕೂಡಿಟ್ಟಿದೀಯಲ್ಲ ತಾಯಿ," ಎಂದಳು ಕುಲ್ಯಾಶ್. "ಒಂದು ಪತ್ರ, ಒಂದು ಚೀಟಿ ಇಲ್ವಾ?"

"ಕೊನೇ ವರ್ಷದ ನೋಟ್‌ಬುಕ್ ಇದೆ. ಅದರಲ್ಲಿ ವಂಶಾವಳಿ ಅವರೇ ಬರೆದಿದಾರೆ." ರೈಗುಲ್ ಬೀಗದ ಕೈಯನ್ನು ಬೆರಳಲ್ಲಿ ತಿರುಗಿಸುತ್ತಿದ್ದಳು. "ನೋಡೋದು ಬೇಡ ತಾತ. ನನ್ನ ಮಾತು ಕೇಳಿ."

"ತೋರ್ಸು."

ಕಂದುಬಣ್ಣದ ರಟ್ಟಿನ ಶಾಲಾ ನೋಟ್‌ಬುಕ್ಕು. ಅಕ್ಷರ ನಡುಗಿತ್ತು, ಆದರೂ ದುಂಡಗಿತ್ತು. ಮೇಲೆ ಸಾಕಿದ ಮುದುಕನ ಹೆಸರು, ಅದರಿಂದ ಎರಡು ಕೊಂಬೆ. ಒಂದರಲ್ಲಿ ಕೆಂಜೆಬೆಕ್, ಅವನ ಕೆಳಗೆ ಅವನ ಮೂವರು ಗಂಡುಮಕ್ಕಳು. ಮೂವರ ಹೆಸರೂ, ಹುಟ್ಟಿದ ತಾರೀಖೂ, ಒಂದೂ ತಪ್ಪಿಲ್ಲದೆ! ಎಲ್ಲಿಂದ ತಿಳಿದುಕೊಂಡನೋ, ಯಾರನ್ನು ಕೇಳಿದನೋ. ಒಂದು ಗಳಿಗೆ ಕೆಂಜೆಬೆಕನಿಗೆ ಬಿಸಿಲು ಕಂಡಂತಾಯಿತು. ಇನ್ನೊಂದು ಕೊಂಬೆಯಲ್ಲಿ ಯೆರ್ಗೋಜಾ ತನ್ನ ಹೆಸರು ಬರೆದು, ಕೆಳಗೆ ಅಡ್ಡಗೆರೆ ಎಳೆದು ಬರೆದಿದ್ದ: 'ಇಲ್ಲಿಗೆ ಮುಗಿಯಿತು. ನನ್ನ ಹಿಂದೆ ಗೊರಸಿಲ್ಲ.'

ಗಂಡುಮಗನಿಲ್ಲದೆ ಹೋಗುವವನನ್ನು ಆ ಹುಲ್ಲುಗಾವಲಿನ ಜನ ಹಾಗೆ ಅನ್ನುತ್ತಾರೆ. ಬೇರೆಯವರು ಕನಿಕರಪಟ್ಟು ಅನ್ನುವ ಮಾತದು. ಯೆರ್ಗೋಜಾ ಅದನ್ನು ತನಗೆ ತಾನೇ ಬರೆದುಕೊಂಡಿದ್ದ.

"ಇಷ್ಟು ಪುಸ್ತಕ ಬರೆದೋನಿಗೆ ಎರಡಕ್ಷರ ಬರೆಯೋಕೆ ಕೈ ಬರ್ಲಿಲ್ವಾ!" ಕುಲ್ಯಾಶಳ ದನಿ ಏರಿತು. "ಯಾರ ಹೆದರಿಕೆ ಇತ್ತು ಅವನಿಗೆ? ಮುದುಕ ಸತ್ತು ಎಷ್ಟು ಕಾಲ ಆಗಿತ್ತು!"

ಕೆಂಜೆಬೆಕನೂ ಅದನ್ನೇ ಯೋಚಿಸುತ್ತಿದ್ದ. ಬರೆಯುವಾಗ ಆತ ಕೋಣೆಯಲ್ಲಿ ಒಬ್ಬನೇ, ಎದುರಿಗೆ ಯಾರಿಲ್ಲ. ಅಲ್ಲಿಯೂ ಬರೆಯಲಿಲ್ಲವೆಂದರೆ, ಮನಸ್ಸಿನಲ್ಲೇ ಇರಲಿಲ್ಲವೆಂದೇ ಅರ್ಥ. ಆದರೂ ಹೆಂಡತಿಯೆದುರು ಆತನನ್ನು ಬಿಟ್ಟುಕೊಡಲು ಮನಸ್ಸು ಬರಲಿಲ್ಲ.

"ಕೊಟ್ಟ ಮೇಲೆ ಕೊಟ್ಟ ಹಾಗೆ ಕಣೇ. ಮಾತಿನ ಮನುಷ್ಯ," ಎಂದ. ನೋಟ್‌ಬುಕ್ ಮುಚ್ಚಿ ರೈಗುಲ್ ಕೈಗಿತ್ತ. "ಅವನು ಬರೆದಂಗೇ ಕೆತ್ತಿಸ್ಬಿಡು, ಮಗಳೇ. ಮೊಮ್ಮಕ್ಕಳ ಹೆಸರು ಹೇಳ್ತೀನಿ, ಬರ್ಕೋ."

ಐದು ಹೆಸರು ಹೇಳಿದ. ಅವಳು ಬರೆದುಕೊಂಡಳು.

ಶುಕ್ರವಾರವಾದ್ದರಿಂದ ರೈಗುಲ್ ಸತ್ತವರ ಪಾಲಿಗೆಂದು ಏಳು ರೊಟ್ಟಿ ಎಣ್ಣೆಯಲ್ಲಿ ಕರಿದಿಟ್ಟಿದ್ದಳು. ಹಿಂದಿನ ಅಡುಗೆಮನೆಯಲ್ಲಿ ಹಾಲು ಬೆರೆಸಿದ ಚಹಾ ಕಾದಿತ್ತು. "ಮನೆ ಹಿರಿಯರು ನೀವೇ. ಪ್ರಾರ್ಥನೆ ಓದ್ಬಿಡಿ ತಾತ, ಆಮೇಲೆ ಮುರಿಯೋಣ," ಎಂದಳು. ಮೂವರೂ ಮೇಜಿನ ಸುತ್ತ ಕೂತು ಅಂಗೈ ಬಿಚ್ಚಿ ಹಿಡಿದರು.

ಕೆಂಜೆಬೆಕ್ ಸಣ್ಣ ದನಿಯಲ್ಲಿ ಓದಿದ. ಓದಿ ಮುಗಿದ ಮೇಲೆ, ಅದು ಯಾರ್‍ಯಾರಿಗೆ ಮುಟ್ಟಲಿ ಎಂದು ಸತ್ತವರ ಹೆಸರು ಹೇಳಬೇಕು. "ನಮ್ಮಪ್ಪಂಗೆ ಮುಟ್ಲಿ," ಎಂದು ಸಾಕಿದ ಮುದುಕನ ಹೆಸರು ಹೇಳಿದ. "ನಮ್ಮವ್ವಂಗೆ ಮುಟ್ಲಿ. ಅತ್ತಿಗೆಗೆ ಮುಟ್ಲಿ."

ಅಲ್ಲಿ ತಡೆದ. ಕುಲ್ಯಾಶ್ ಅವನ ತುಟಿಯನ್ನೇ ನೋಡಿದಳು. ಇಲ್ಲಿ ಕಾಗದ ಕೇಳುವವರಿಲ್ಲ, ಕೇಳಿಸಿಕೊಳ್ಳುವವನು ದೇವರೊಬ್ಬನೇ. ಜನ್ಮಕ್ಕೊಂದು ಸಲ ಆತನನ್ನು 'ಅಪ್ಪ' ಅಂದುಬಿಡಲಿ.

ಅವನು ಯೆರ್ಗೋಜಾನ ಹೆಸರನ್ನೇ ಬಿಟ್ಟು ಮುಂದೆ ಹೋದ. ದೂರದ ನೆಂಟರು, ನೆರೆಯವರು, ಯುದ್ಧದಿಂದ ಮರಳದವರು ಎಲ್ಲರ ಸರದಿಯೂ ಮುಗಿಯಿತು. ಕಟ್ಟಕಡೆಗೆ ಎಲ್ಲರೂ ಹೇಳುವ ಮಾತು ಬಂತು.

"ಹಿಂದೆ ಓದೋಕೆ ಗಂಡುಮಕ್ಕಳಿಲ್ದೆ ಹೋದೋರಿಗೂ ಮುಟ್ಲಿ," ಎಂದ ಕೆಂಜೆಬೆಕ್. "ಯೆರ್ಗೋಜಾನಿಗೆ."

ಪ್ರಾರ್ಥನೆ ಮುಗಿಯಿತೆಂದು ರೈಗುಲ್ ಎರಡೂ ಅಂಗೈಯಿಂದ ಮುಖ ಸವರಿಕೊಂಡು ಮೊದಲ ರೊಟ್ಟಿ ಮುರಿದಳು. ಕೆಂಜೆಬೆಕನೂ ಸವರಿಕೊಂಡು ಚಹಾದ ಬಟ್ಟಲು ಹತ್ತಿರಕ್ಕೆಳೆದುಕೊಂಡ. ಕುಲ್ಯಾಶಳ ಅಂಗೈಗಳು ಮಾತ್ರ ಇನ್ನೂ ಮಡಿಲಲ್ಲಿ ತೆರೆದೇ ಇದ್ದವು.