ಮುದಿ ನಕ್ಷತ್ರಗಳ ಲಿಥಿಯಂ

ಡಾಕ್ಟರೇಟ್ ಪ್ರಬಂಧದಿಂದ ಒಂಬತ್ತು ನಕ್ಷತ್ರಗಳನ್ನು ಕಿತ್ತುಹಾಕು ಎಂದು ಮಾರ್ಗದರ್ಶಕರು ಹೇಳಿದಾಗ ಅವಳು ಕುರ್ಚಿ ಬಿಟ್ಟು ಏಳಲಿಲ್ಲ.

"ಅವೆಲ್ಲ ಮುದಿ ನಕ್ಷತ್ರಗಳಮ್ಮ. ಅಷ್ಟು ವಯಸ್ಸಾಗೋ ಹೊತ್ತಿಗೆ ಇದ್ದಬದ್ದ ಲಿಥಿಯಂ ಎಲ್ಲ ಒಳಗಿನ ಬಿಸಿಗೆ ಉರಿದುಹೋಗಿರುತ್ತೆ. ನಿಂಗೆ ಕಂಡಿದ್ದು ಉಪಕರಣದ ದೋಷ."

"ದೋಷ ಆಗಿದ್ರೆ ಎಲ್ಲ ನಕ್ಷತ್ರದಲ್ಲೂ ಕಾಣಬೇಕಿತ್ತಲ್ಲ ಸರ್?"

"ವಾದ ಬೇಡ. ಪರೀಕ್ಷಕರ ಮುಂದೆ ನನ್ನ ಮುಖಕ್ಕೆ ಮಸಿ ಬಳೀಬೇಡ."

ನಕ್ಷತ್ರದ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ಹರಡಿದರೆ, ಲಿಥಿಯಂ ಇದ್ದಾಗ ಕೆಂಪಿನ ನಡುವೆ ಒಂದು ಕಪ್ಪು ಗೆರೆ ಮೂಡುತ್ತದೆ. ಹುಟ್ಟುವಾಗ ತಂದದ್ದು ಉರಿದುಹೋದ ಮೇಲೂ ಗೆರೆ ದಟ್ಟವಾಗಿದೆ ಎಂದರೆ, ಆ ನಕ್ಷತ್ರಗಳು ಮುಪ್ಪಿನಲ್ಲಿ ಲಿಥಿಯಂ ಅನ್ನು ಹೊಸದಾಗಿ ಹುಟ್ಟಿಸುತ್ತಿರಬೇಕು, ಆಕಾಶಕ್ಕೆ ಚೆಲ್ಲುತ್ತಲೂ ಇರಬೇಕು. ಅವಳ ಲೆಕ್ಕ ಅದು.

ಮನೆಗೆ ಬಂದಾಗ ತಮ್ಮ ಅಡುಗೆಮನೆಯಲ್ಲಿ ನಿಂತು ಗುಳಿಗೆ ನುಂಗುತ್ತಿದ್ದ. ಮನಸ್ಸಿನ ಏರಿಳಿತ ಹತೋಟಿಗೆ ತರಲು ವೈದ್ಯರು ಕೊಟ್ಟ ಲಿಥಿಯಂ ಗುಳಿಗೆ. ಅವಳು ನಡೆದದ್ದನ್ನೆಲ್ಲ ಹೇಳಿದಳು.

"ಕಿತ್ತುಹಾಕ್ತೀಯೇನಕ್ಕಾ?"

"ಹಾಕಿದ್ರೆ ಈ ವರ್ಷವೇ ಡಾಕ್ಟರೇಟ್ ಕಣೋ."

"ನಂಗೆ ಹುಚ್ಚು ಅಂತ ಮದುವೆಗೆ ಕರೀಲಿಲ್ಲ ಅಂದಾಗ ಚಿಕ್ಕಪ್ಪನ ಬಾಗಿಲಿಗೇ ಹೋಗಿ ಜಗಳ ಆಡಿದೋಳು ನೀನು. ಈಗ್ಯಾಕೆ ಬಾಲ ಮುದುರ್ಕೊಂಡಿದೀಯ?"

ಅವಳಿಗೆ ನಗು ಬಂತು. ಮಾತು ನಾಟಿಯೂ ನಾಟಿತು.

ಇನ್ನೊಂದು ವೀಕ್ಷಣಾಲಯದವರ ಬೆನ್ನುಬಿದ್ದು, ಅವರ ದೂರದರ್ಶಕದಲ್ಲಿ ಅದೇ ನಕ್ಷತ್ರಗಳನ್ನು ನೋಡಿಸಿದಳು. ಏಳರಲ್ಲಿ ಗೆರೆ ಇದ್ದಲ್ಲೇ ಇತ್ತು. ಇನ್ನೆರಡರಲ್ಲಿ ಇರಲಿಲ್ಲ, ಅವನ್ನು ಅವಳೇ ಹೊಡೆದುಹಾಕಿದಳು.

ವಿಭಾಗದ ಸಭೆಯಲ್ಲಿ ಎರಡೂ ಕಡೆಯ ಚಿತ್ರಗಳನ್ನು ಪರದೆಯ ಮೇಲೆ ಅಕ್ಕಪಕ್ಕ ಇಟ್ಟಳು. ಮುಂದಿನ ಸಾಲಿನಿಂದ ಮಾರ್ಗದರ್ಶಕರು ಎದ್ದರು.

"ಇದಕ್ಕೆ ನನ್ನ ಸಹಿ ಸಿಗಲ್ಲ."

"ಬೇಡ ಸರ್. ಆದ್ರೆ ಈ ಗೆರೆ ಎಲ್ಲಿಂದ ಬಂತು ಅಂತ ಹೇಳಿ ಕೂತ್ಕೊಳ್ಳಿ."

ಅವರು ಪರದೆಯನ್ನೇ ದಿಟ್ಟಿಸಿದರು.

"ಒಳಗೆ ಹೇಗೆ ಹುಟ್ಟುತ್ತೆ ಅಂತ ನಿಂಗೆ ಗೊತ್ತಾ?"

"ಪೂರ್ತಿ ಗೊತ್ತಿಲ್ಲ. ಗೊತ್ತಿಲ್ಲ ಅಂತಾನೇ ಬರ್ದಿದೀನಿ. ಇಲ್ಲ ಅಂತ ಮಾತ್ರ ಬರಿಯಲ್ಲ."

ಅವರು ಸಹಿ ಹಾಕಲೇ ಇಲ್ಲ. ವಿದ್ಯಾರ್ಥಿವೇತನ ನಿಂತಿತು. ಬೆಳಿಗ್ಗೆ ಶಾಲೆಯಲ್ಲಿ ಪಾಠ ಹೇಳಿ, ಮಧ್ಯಾಹ್ನ ಬಂದು ಬರೆದಳು. ಲೇಖನ ಅವಳೊಬ್ಬಳ ಹೆಸರಿನಲ್ಲೇ ಅಚ್ಚಾಯಿತು. ಅದನ್ನು ಓದಿದ ಬೇರೆ ವಿಭಾಗದ ಪ್ರಾಧ್ಯಾಪಕಿಯೊಬ್ಬರು ಅವಳನ್ನು ಕರೆಸಿಕೊಂಡರು.

"ನನ್ನ ಕೈಕೆಳಗೆ ಪ್ರಬಂಧ ಬರೆದ್ರೆ ನನ್ನ ಜೊತೆಗೂ ಹೀಗೇ ಜಗಳ ಆಡ್ತೀಯಾ?"

"ನೀವು ತಪ್ಪು ಹೇಳಿದ್ರೆ ಆಡ್ತೀನಿ ಮೇಡಂ."

"ಸರಿ, ನಾಳೆಯಿಂದ ಬಾ," ಎಂದರು ಅವರು.