ಪ್ಲಗ್ ಇದೆ, ಚಾರ್ಜ್ ಇಲ್ಲ

ಪರದೆಯ ಮೂಲೆಯಲ್ಲಿ ಬ್ಯಾಟರಿಯ ಚಿತ್ರ, ಅದರ ಪಕ್ಕದಲ್ಲೇ ಪ್ಲಗ್ಗಿನ ಚಿತ್ರ. ಬಾಣದ ಗುರುತನ್ನು ಅದರ ಮೇಲಿಟ್ಟರೆ ಒಂದೇ ಮಾತು: ಪ್ಲಗ್ ಆಗಿದೆ, ಚಾರ್ಜ್ ಆಗುತ್ತಿಲ್ಲ. ಮೊದಲ ಸಲ ಓದಿದಾಗ ಅದು ನನ್ನ ಗಂಡ ಎರ್ಮೆಕನ ಮಾತಿನಂತೆಯೇ ಇತ್ತು. ಮನೆಯಲ್ಲೇ ಇದ್ದೇನೆ, ಆದರೆ ನೀನು ಹೇಳಿದ್ದು ಕೇಳಿಸಲಿಲ್ಲ.

ನಗಬಹುದಿತ್ತು. ಆದರೆ ಚಳಿಗಾಲದಲ್ಲಿ ಬಿಷ್ಕೆಕ್ಕಿನ ಅಂಚಿನ ನಮ್ಮ ಬಡಾವಣೆಗೆ ಸಂಜೆ ಹೊತ್ತು ಕರೆಂಟು ತೆಗೆಯುತ್ತಾರೆ, ನನ್ನ ಪಾಠ ಇರುವುದೂ ಸಂಜೆಗೇ. ರಷ್ಯಾದ ಊರುಗಳಲ್ಲಿ ದುಡಿಯಲು ಹೋದ ನಮ್ಮವರ ಮಕ್ಕಳಿಗೆ ನಾನು ಕಿರ್ಗಿಜ್ ಓದು-ಬರಹ ಕಲಿಸುತ್ತೇನೆ. ನೆಟ್ಟಿಗೆ ಫೋನು ಸಾಕು, ಅಕ್ಷರ ತೋರಿಸಲು ಲ್ಯಾಪ್‌ಟಾಪೇ ಬೇಕು. ಬ್ಯಾಟರಿಯಲ್ಲಿ ಉಳಿದಿದ್ದ ಚೂರುಪಾರು ಶಕ್ತಿ ತೀರಿದ ದಿನ ಬೀದಿ ದೀಪ ಹೋಯಿತು, ಮನೆಯ ದೀಪ ಹೋಯಿತು, ಅದರ ಹಿಂದೆಯೇ ಲ್ಯಾಪ್‌ಟಾಪೂ ಕಣ್ಣು ಮುಚ್ಚಿತು. ಮರುದಿನವೂ ಹಾಗೇ ಆಯಿತು. ಪಾಠಗಳನ್ನು ನಡೆಸುವ ಕುಲ್ಜಾನ್ ಎಜೆ, ಅಂದರೆ ಕುಲ್ಜಾನ್ ಅಕ್ಕ, ಫೋನು ಮಾಡಿದರು.

"ಜಿಪಾರ್, ಮಕ್ಕಳು ಬಾಯಿ ತೆರೆದು ಕೂತಿರ್ತವೆ, ಟೀಚರೇ ಮಾಯ. ತಾಯಂದಿರು ನನ್ನ ಜೀವ ತಿಂತಾರೆ. ಇನ್ನೊಂದ್ಸಲ ಹೀಗಾದ್ರೆ ಆ ಮಕ್ಕಳನ್ನ ಬೇರೆಯವರಿಗೆ ಕೊಡ್ತೀನಿ. ಬೇಜಾರು ಮಾಡ್ಕೋಬೇಡ."

ಬೇಜಾರು ಮಾಡಿಕೊಳ್ಳಲು ಪುರುಸೊತ್ತು ಎಲ್ಲಿತ್ತು? ಲ್ಯಾಪ್‌ಟಾಪು ಹೊಸದು, ಅದಕ್ಕೆ ವಾರಂಟಿ ಇತ್ತು. ಬೆಳಿಗ್ಗೆ ಮಗಳು ಸೆಜಿಮ್‌ಳನ್ನು ಶಾಲೆಗೆ ಬಿಟ್ಟು, ಲ್ಯಾಪ್‌ಟಾಪನ್ನು ಉಣ್ಣೆ ಶಾಲಿನಲ್ಲಿ ಸುತ್ತಿ, ಕಿಕ್ಕಿರಿದ ವ್ಯಾನಿನಲ್ಲಿ ಕೂಸಿನಂತೆ ಎದೆಗವಚಿಕೊಂಡು ಪೇಟೆಗೆ ಹೋದೆ.

ಸರ್ವಿಸ್ ಸೆಂಟರಿನಲ್ಲಿ ಗಾಜಿನ ಹಿಂದೆ ಕೂತಿದ್ದವನ ಹೆಸರು ತಿಲೆಕ್. ಮುಖದಲ್ಲಿ ಗಡ್ಡಕ್ಕಿಂತ ಅನುಮಾನವೇ ದಟ್ಟವಾಗಿತ್ತು. ಅವನು ತನ್ನ ಮೇಜಿನ ಮೇಲಿದ್ದ ಚಾರ್ಜರನ್ನು ಲ್ಯಾಪ್‌ಟಾಪಿಗೆ ಚುಚ್ಚಿ, ಪರದೆಯನ್ನು ನನ್ನತ್ತ ತಿರುಗಿಸಿದ.

"ನೋಡಿ ಎಜೆ. ಚಾರ್ಜ್ ಆಗ್ತಿದೆಯಲ್ಲ."

ಆಗುತ್ತಿತ್ತು! ನನಗೆ ಅವಮಾನವಾಯಿತು. ಹಲ್ಲು ನೋವೆಂದು ಮಗುವನ್ನು ಎಳೆದುಕೊಂಡು ಹೋದರೆ ವೈದ್ಯರೆದುರು ಅದು ಕಿಸಕ್ಕನೆ ನಕ್ಕ ಹಾಗೆ.

"ಮನೇಲಿ ಆಗಲ್ಲ."

"ನಿಮ್ಮ ಮನೆ ಎಲ್ಲಿ?"

ಹೇಳಿದೆ. ಅವನು ಹುಬ್ಬು ಹಾರಿಸಿದ. "ಹಂಗನ್ನಿ. ಅಲ್ಲಿ ಕರೆಂಟು ಕರೆಂಟಾ ಎಜೆ? ಜ್ವರದ ನಾಡಿ ಥರ, ಒಮ್ಮೆ ಏರುತ್ತೆ, ಒಮ್ಮೆ ಇಳಿಯುತ್ತೆ. ಕರೆಂಟಿಂದ ಕೆಟ್ಟಿದ್ರೆ ವಾರಂಟಿ ಬರಲ್ಲ."

"ಈಗ ತಾನೇ ಕೆಟ್ಟಿಲ್ಲ ಅಂದ್ರಲ್ಲ?"

"ಕೆಟ್ಟಿಲ್ಲ. ಕೆಟ್ರೆ ಬರಲ್ಲ ಅಂದೆ."

ಆ ಮಾತು ದಾರಿಯುದ್ದಕ್ಕೂ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಕೂತಿತು. ಮನೆಗೆ ಬಂದು ವೈರು ಸಿಕ್ಕಿಸಿದೆ. ಪ್ಲಗ್ ಆಗಿದೆ, ಚಾರ್ಜ್ ಆಗುತ್ತಿಲ್ಲ. ಲ್ಯಾಪ್‌ಟಾಪು ಆರಿಸಿ ಗುಂಡಿಯನ್ನು ಒತ್ತಿ ಹಿಡಿದು ಮತ್ತೆ ಹಚ್ಚಿದೆ. ಫ್ರಿಜ್ಜಿನ ಸ್ಟೆಬಿಲೈಸರು ಕಿತ್ತು ತಂದು ಜೋಡಿಸಿದೆ. ಉದ್ದನೆಯ ಎಕ್ಸ್‌ಟೆನ್ಷನ್ನು ಎಳೆದು ಅಡುಗೆಮನೆಯ ಪ್ಲಗ್ಗಿನಿಂದಲೂ ಕೊಟ್ಟು ನೋಡಿದೆ. ಇಷ್ಟಾದರೂ ಕೈ ಹಾಕದೆ ಬಿಟ್ಟದ್ದು ಒಂದನ್ನೇ: ಚಾರ್ಜರಿನ ಇಟ್ಟಿಗೆಯಂಥ ಅಡಾಪ್ಟರಿನಿಂದ ನನ್ನ ಗಿಡ್ಡ ಮೇಜಿನವರೆಗೆ ನೆಲಗಂಬಳಿಯ ಕೆಳಗೆ ಬರುವ ಸಣ್ಣ ವೈರು. ಸೆಜಿಮ್ ಎಡವದಿರಲಿ ಎಂದು ಅದನ್ನು ಅಲ್ಲಿ ಹುಗಿದವಳು ನಾನೇ.

ಆಗ ಹೊಳೆಯಿತು. ಬ್ಯಾಟರಿ ಬದಲಾಯಿಸಿದ್ದಾರೆ! ತಿಲೆಕ್ ಲ್ಯಾಪ್‌ಟಾಪನ್ನು ಒಳಗೆ ತೆಗೆದುಕೊಂಡು ಹೋಗಿದ್ದನಲ್ಲ, "ಸೀರಿಯಲ್ ನಂಬರ್ ಬರ್ಕೊಂಡು ಬರ್ತೀನಿ" ಎಂದು? ನನ್ನ ಹೊಸ ಬ್ಯಾಟರಿ ಈಗ ಯಾರ ಮನೆಯಲ್ಲಿ ಮೆರೆಯುತ್ತಿದೆಯೋ. ಬದಲಾಯಿಸುವ ಮೊದಲೇ ಅದು ಕೆಟ್ಟಿತ್ತಲ್ಲ ಎಂಬುದು ನನಗೆ ನೆನಪಾಗಲಿಲ್ಲ. ಅನುಮಾನಕ್ಕೆ ಲೆಕ್ಕ ಬರುವುದಿಲ್ಲ.

ನನ್ನ ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಹಿರಿಯ ಹೆಂಗಸರನ್ನೆಲ್ಲ ಕರೆಯುವಂತೆ ನಾವು ಅವರನ್ನು ಅಪಾ, ಎಂದರೆ ಅಮ್ಮ, ಎನ್ನುತ್ತೇವೆ.

"ಸರ್ವಿಸ್‌ನವರು ಏನ್ ಮಾಡ್ತಾರೆ ಪಾಪ? ಇದು ಸಾಯ್ರಾಳ ಕಣ್ಣು," ಎಂದರು.

ಪಕ್ಕದ ಮನೆಯ ಸಾಯ್ರಾ ಹೊಸ ಲ್ಯಾಪ್‌ಟಾಪು ನೋಡಲು ಬಂದಿದ್ದಳು. ನಮ್ಮಲ್ಲಿ ಹೊಸದನ್ನು ನೋಡಿದರೆ ಕೈಯಲ್ಲಿ ಏನಾದರೂ ಕೊಡಬೇಕಲ್ಲ, ಸೆಜಿಮ್‌ಗೆ ಚಾಕೊಲೇಟು ಕೊಟ್ಟಿದ್ದಳು. ಆದರೆ "ಅಬ್ಬಾ, ಎಷ್ಟು ತೆಳ್ಳಗೆ, ಎಷ್ಟು ಚಂದ" ಎಂದವಳು "ಕಣ್ಣು ತಾಗದಿರಲಿ" ಎನ್ನಲಿಲ್ಲವಂತೆ. ಮರುದಿನದಿಂದಲೇ ಚಾರ್ಜು ನಿಂತಿತು ಎಂಬುದು ಅಪಾರ ವಾದ. ದಿನವೇನೋ ಸರಿಯಾಗಿಯೇ ಹೊಂದುತ್ತಿತ್ತು, ಅದೇ ನನಗೆ ಇನ್ನಷ್ಟು ಸಿಟ್ಟು ತರಿಸಿತು.

"ಮುಚ್ಚಳಕ್ಕೆ ದೃಷ್ಟಿಮಣಿ ಅಂಟಿಸ್ತೀನಿ ಅಂದ್ರೆ ಬೇಡ ಅಂದೆ. ಮಕ್ಕಳು ನಗ್ತವೆ ಅಂದೆ. ಈಗ ಅನುಭವಿಸು."

"ಅಪಾ, ಬ್ಯಾಟರಿಗೆ ಕಣ್ಣು ಬೀಳಲ್ಲ."

"ಕುದುರೆಗೆ ಬೀಳುತ್ತೆ, ಕೂಸಿಗೆ ಬೀಳುತ್ತೆ, ಈ ಡಬ್ಬಿ ಏನು ಮೇಲಿಂದ ಇಳಿದು ಬಂದಿದೆಯಾ?"

ಡಬ್ಬಿ. ಅವರು ಅದನ್ನು ಹಾಗೆಯೇ ಕರೆಯುವುದು. ನಾನು ಪಾಠಕ್ಕೆ ಕೂತರೆ ಒಲೆಗೆ ಕಲ್ಲಿದ್ದಲು ಹಾಕುವವರು ಅವರು, ಸೆಜಿಮ್‌ಗೆ ಉಣಿಸುವವರು ಅವರು. "ಡಬ್ಬಿ ಜೊತೆ ಮಾತು ಮುಗೀತಾ?" ಎಂದು ದಿನಾ ಕೇಳುತ್ತಾರೆ. ಆ ಸಂಜೆ ಮೊದಲ ಸಲ ನನ್ನೊಳಗೆ ಒಂದು ಹುಳ ಹೊಕ್ಕಿತು. ಡಬ್ಬಿ ಬಾಯಿ ಮುಚ್ಚಿದರೆ ಈ ಮನೆಯಲ್ಲಿ ಯಾರಿಗೆ ನೆಮ್ಮದಿ?

ಹುಳವನ್ನು ಸದ್ಯಕ್ಕೆ ಅದುಮಿಟ್ಟೆ. ಮೊದಲು ತಿಲೆಕನನ್ನು ಹಿಡಿಯಬೇಕಿತ್ತು. ಮದುವೆಗಳಿಗೆಂದು ಇಟ್ಟುಕೊಂಡಿದ್ದ ಕೆಂಪು ಉಗುರುಬಣ್ಣ ತಂದು, ಲ್ಯಾಪ್‌ಟಾಪನ್ನು ಮಗುಚಿ, ಪ್ರತಿ ಸ್ಕ್ರೂವಿನ ತಲೆಯ ಮೇಲೂ ಒಂದೊಂದು ಬೊಟ್ಟಿಟ್ಟೆ. ಇನ್ನು ಬಿಚ್ಚಲಿ ನೋಡೋಣ, ಬಣ್ಣ ಬಿರಿಯದೆ ಇರುತ್ತದೆಯೇ?

ಎರಡನೇ ಸಲ ಹೋದಾಗ ತಿಲೆಕ್ ಲ್ಯಾಪ್‌ಟಾಪು ತಿರುಗಿಸಿದವನೇ ದೀಪವನ್ನು ಹತ್ತಿರಕ್ಕೆ ಎಳೆದುಕೊಂಡ.

"ಇದೇನು ಎಜೆ?"

"ಏನು?"

"ಸ್ಕ್ರೂ ಮೇಲೆ ಬಣ್ಣ. ಯಾರು ಬಿಚ್ಚಿದ್ದು?"

"ಯಾರೂ ಬಿಚ್ಚಿಲ್ಲ!"

"ಬಿಚ್ಚಿದ ಗೆರೆ ಮುಚ್ಚೋಕೆ ಬಣ್ಣ ಹಚ್ಚೋರನ್ನ ನಾನು ನೋಡಿದೀನಿ. ಬಜಾರಲ್ಲಿ ತೋರಿಸಿ, ಹಾಳು ಮಾಡಿಸ್ಕೊಂಡು, ಆಮೇಲೆ ವಾರಂಟಿ ಅಂತ ನಮ್ಮ ಹತ್ರ ಬರ್ತಾರೆ. ಹೊರಗಿನ ಕೈ ಬಿದ್ರೆ ವಾರಂಟಿ ಹೋಯ್ತು."

"ಹೊರಗಿನ ಕೈ ಅಲ್ಲ, ನನ್ನ ಕೈ."

"ಅಂದ್ರೆ ನೀವೇ ಬಿಚ್ಚಿದ್ರಿ!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಕಥೆ ನನ್ನದು. ಹಿಂದಿನ ಸಾಲಿನವರು ಕತ್ತು ಉದ್ದ ಮಾಡಿದರು. ಕೊನೆಗೆ ನಿಜ ಹೇಳಿದೆ. "ನೀವು ಬ್ಯಾಟರಿ ಕದೀತೀರಿ ಅಂತ ಗುರುತು ಹಾಕಿದೆ."

ತಿಲೆಕ್ ನಗುತ್ತಾನೆ ಅಂದುಕೊಂಡೆ. ನಗಲಿಲ್ಲ. ಒಂದು ಸೂಜಿಯಿಂದ ಬಣ್ಣ ಕೆರೆದು, ಭೂತಗನ್ನಡಿಯಲ್ಲಿ ಒಂದೊಂದೇ ಸ್ಕ್ರೂ ನೋಡಿದ. ತಲೆಗಳೆಲ್ಲ ಒಂದು ಗೀರೂ ಇಲ್ಲದೆ ಕನ್ನಡಿಯಂತಿದ್ದವು. ಗೊಣಗುತ್ತಾ ತನ್ನ ಚಾರ್ಜರು ಸಿಕ್ಕಿಸಿದ. ಮತ್ತೆ ಚಾರ್ಜ್ ಆಗತೊಡಗಿತು.

"ನಿಮ್ಮ ಚಾರ್ಜರು ಎಲ್ಲಿ?"

"ಮನೇಲಿ. ಕಂಬಳಿ ಕೆಳಗೆ ಹಾಕಿದೀನಿ. ತನ್ನಿ ಅಂತ ನೀವು ಹೇಳ್ಲಿಲ್ವಲ್ಲ."

"ಕುದುರೆ ಕುಂಟುತ್ತೆ ಅಂತ ಬಂದೋರು ಕಾಲು ಮನೇಲಿ ಬಿಟ್ಟು ಬರ್ತಾರಾ ಎಜೆ? ಹೋಗಿ, ತನ್ನಿ."

ಲ್ಯಾಪ್‌ಟಾಪನ್ನು ಅವನಲ್ಲೇ ಬಿಟ್ಟೆ. ಅದಕ್ಕೊಂದು ಚೀಟಿ ಬರೆಸಿಕೊಂಡು, ಆ ಚೀಟಿಯ ಫೋಟೋ ತೆಗೆದುಕೊಂಡು, ಮನೆಗೆ ಓಡಿದೆ.

ಅಂಗಳದ ಕೆಸರಿಗೆ ಬೂಟು ಹೊರಗೇ ಕಳಚಿದ್ದರಿಂದ ಹೆಜ್ಜೆಯ ಸಪ್ಪಳವಾಗಲಿಲ್ಲ. ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅಪಾ ಮೊಣಕಾಲೂರಿ ಕೂತಿದ್ದರು. ಕಂಬಳಿಯ ಅಂಚು ಮಡಚಿತ್ತು. ಒಂದು ಕೈಯಲ್ಲಿ ನನ್ನ ಚಾರ್ಜರಿನ ಸಣ್ಣ ವೈರು, ಇನ್ನೊಂದರಲ್ಲಿ ಮಿನುಗುವ ಏನೋ ಚೂಪಾದದ್ದು. ಹಲ್ಲು ಕಚ್ಚಿ ಅದನ್ನು ವೈರಿಗೆ ಚುಚ್ಚುತ್ತಿದ್ದರು!

"ಅಪಾ!"

ಅವರು ಬೆಚ್ಚಿ ಕೈಯನ್ನು ಅಂಗಿಯ ತೋಳಿನೊಳಗೆ ಎಳೆದುಕೊಂಡರು.

"ಏನು ಅದು? ತೋರಿಸಿ."

"ಏನಿಲ್ಲ. ಸೂಜಿ ಬಿದ್ದಿತ್ತು, ಹುಡುಕ್ತಿದ್ದೆ."

"ವೈರೊಳಗೆ ಹುಡುಕ್ತಿದ್ರಾ?" ನನ್ನ ದನಿ ನನಗೇ ಅಪರಿಚಿತವಾಗಿತ್ತು. "ನಾನು ಕೆಲಸ ಮಾಡೋದು ಬೇಡ ಅಂತಿದ್ರೆ ಬಾಯಿಬಿಟ್ಟು ಹೇಳಿ ಅಪಾ. ಹಿಂದಿಂದ ಚುಚ್ಚಬೇಡಿ."

ಅಪಾ ನನ್ನನ್ನೇ ನೋಡಿದರು. ಆಮೇಲೆ ನಿಧಾನವಾಗಿ ಅಂಗೈ ಬಿಚ್ಚಿದರು. ಕಪ್ಪು ಮಣಿ, ಅದರ ಮೈಮೇಲೆ ಬಿಳಿ ಚುಕ್ಕೆಗಳು, ಒಂದು ದೊಡ್ಡ ಸೇಫ್ಟಿಪಿನ್ನಿಗೆ ಪೋಣಿಸಿದ್ದು. ಸೆಜಿಮ್ ತೊಟ್ಟಿಲಲ್ಲಿದ್ದಾಗ ಅವಳ ಟೋಪಿಗೆ ಇದ್ದಂಥದ್ದೇ.

"ಸಾಯ್ರಾ ಬಂದು ಹೋದ ಸಂಜೆನೇ ಒಂದು ಹಾಕಿದ್ದೆ," ಎಂದರು. "ಮುಚ್ಚಳಕ್ಕೆ ಹಾಕಿದ್ರೆ ನೀನು ಕಿತ್ತೆಸೀತೀಯ, ಅದಕ್ಕೆ ಕಂಬಳಿ ಕೆಳಗೆ ಹಾಕಿದೆ. ಕಣ್ಣು ಅದಕ್ಕೂ ಬಗ್ಗಲಿಲ್ಲ. ಇವತ್ತು ಇನ್ನೂ ದೊಡ್ಡದು ತಂದೆ."

ನಾನು ಕಂಬಳಿಯನ್ನು ಪೂರ್ತಿ ಎತ್ತಿದೆ. ಸ್ವಲ್ಪ ಆಚೆ, ಅದೇ ವೈರಿನ ನಟ್ಟ ನಡುವೆ, ಸಣ್ಣದೊಂದು ಮಣಿ ಪಿನ್ನು ಕಚ್ಚಿಕೊಂಡು ಕೂತಿತ್ತು. ಸಾಯ್ರಾ ಬಂದು ಹೋದ ಸಂಜೆಯಿಂದ. ದಿನ ಸರಿಯಾಗಿಯೇ ಹೊಂದಿತ್ತು.

"ಇದರಿಂದ್ಲಾ?" ಎಂದು ಅಪಾ ಕೇಳಿದರು. ಇರಬಹುದು ಎಂದೆ. ಅವರು ಎದ್ದು ತಲೆವಸ್ತ್ರ ಕಟ್ಟಿಕೊಂಡರು. "ನಡಿ. ನಾನೂ ಬರ್ತೀನಿ."

ಹೊರಡುವ ಮೊದಲು ಎರ್ಮೆಕನಿಗೆ ಫೋನು ಮಾಡಿ, ಹೀಗೆ ಹೀಗೆ ಎಂದೆ. ತಾನು ಓಡಿಸುವ ಕಲ್ಲಿದ್ದಲು ಲಾರಿಯ ಸದ್ದಿನ ನಡುವೆ ಅವನು ಕೂಗಿದ, "ಪಿನ್ನು ತೆಗೆದು ತೂತಿಗೆ ಬೂಟ್ ಪಾಲಿಶ್ ಹಚ್ಚು. ಕರೀ ವೈರು, ಕರೀ ಪಾಲಿಶ್. ಯಾರಪ್ಪನಿಗೆ ಗೊತ್ತಾಗುತ್ತೆ?" ಪಿನ್ನು ತೆಗೆದೆ. ಪಾಲಿಶೂ ಹಚ್ಚಿದೆ. ಸುಳ್ಳೇಕೆ ಹೇಳಲಿ, ಚೆನ್ನಾಗಿಯೇ ಮುಚ್ಚಿತು.

ತಿಲೆಕ್ ನನ್ನ ಚಾರ್ಜರು ಸಿಕ್ಕಿಸಿದ. ಪ್ಲಗ್ ಆಗಿದೆ, ಚಾರ್ಜ್ ಆಗುತ್ತಿಲ್ಲ. ಮೀಟರಿನ ಕಡ್ಡಿಗಳನ್ನು ಮುಟ್ಟಿಸಿ ನೋಡಿದ.

"ಇದರ ಒಳಗೆ ಕೂದಲಿನಷ್ಟು ಸಣ್ಣ ತಂತಿ ಒಂದಿದೆ ಎಜೆ. 'ನಾನು ಈ ಕಂಪನಿ ಚಾರ್ಜರು' ಅಂತ ಲ್ಯಾಪ್‌ಟಾಪಿಗೆ ಪರಿಚಯ ಹೇಳೋದು ಅದೇ. ಅದು ತುಂಡಾದ್ರೆ ಲ್ಯಾಪ್‌ಟಾಪಿಗೂ ಅನುಮಾನ. ನಡೆಯೋಕೆ ಕರೆಂಟು ತಗೊಳ್ಳುತ್ತೆ, ಬ್ಯಾಟರಿ ಹತ್ರ ಮಾತ್ರ ಬಿಟ್ಕೊಳ್ಳಲ್ಲ."

ಲ್ಯಾಪ್‌ಟಾಪು ನನ್ನ ಜಾತಿಯದೇ ಎಂದು ಆಗ ಗೊತ್ತಾಯಿತು.

"ತಾನಾಗಿ ತುಂಡಾದ್ರೆ ವಾರಂಟೀಲಿ ಹೊಸ ಚಾರ್ಜರು ಕೊಡ್ತೀವಿ," ಎನ್ನುತ್ತಾ ಅವನು ವೈರನ್ನು ಬೆರಳ ನಡುವೆ ಜಾರಿಸುತ್ತ ಬಂದ. ಒಂದು ಕಡೆ ಬೆರಳು ನಿಂತಿತು. ಮೂಸಿ ನೋಡಿದ. ತಲೆ ಎತ್ತಿದ. "ಇಲ್ಲಿ ಬೂಟ್ ಪಾಲಿಶ್ ವಾಸನೆ ಬರ್ತಿದೆ. ಯಾಕೆ?"

ಕೆಮ್ಮಿದೆ.

"ಯಾಕಂದ್ರೆ ನಾನು ಚುಚ್ಚಿದೆ, ಇವಳು ಬಳಿದಳು," ಎಂದರು ಅಪಾ, ಗಾಜಿಗೆ ಮೂಗು ತಾಗುವಷ್ಟು ಬಗ್ಗಿ. "ದೃಷ್ಟಿಮಣಿ ಹಾಕಿದ್ದೆ ಮಗನೇ. ನಿಮ್ಮ ವಾರಂಟೀಲಿ ಕಣ್ಣು ಬಿದ್ದಿದ್ದಕ್ಕೆ ಏನಾದ್ರೂ ಇದೆಯಾ?"

"ಇಲ್ಲ ಅಪಾ. ಚುಚ್ಚಿದ್ದು, ಬೀಳಿಸಿದ್ದು, ನೀರು ಚೆಲ್ಲಿದ್ದು, ಯಾವುದಕ್ಕೂ ಇಲ್ಲ."

"ಮತ್ತೆ ಯಾತಕ್ಕಿದೆ?"

"ಏನೂ ಮಾಡದೆ ಕೆಟ್ರೆ."

"ಏನೂ ಮಾಡದೆ ಈ ಲೋಕದಲ್ಲಿ ಯಾವುದು ಕೆಟ್ಟಿದೆ? ನಮ್ಮ ಮಣಿ ನೋಡು, ಯಾರು ಏನು ಮಾಡಿದ್ರೂ ಕಾಯುತ್ತೆ."

"ಕಾದಿದ್ದು ಕಾಣ್ತಿದೆ ಅಪಾ," ಎಂದ ತಿಲೆಕ್. ಈಗ ನಕ್ಕ. ಅಪಾರಿಗೂ ನಗು ತಡೆಯಲಾಗಲಿಲ್ಲ. ನನಗೆ ಮಾತ್ರ ಬರಲಿಲ್ಲ.

ಹೊಸ ಚಾರ್ಜರನ್ನು ಕೊಂಡೇ ತಂದೆವು. ವ್ಯಾನಿನಲ್ಲಿ ಅಪಾ ಕಿಟಕಿಯತ್ತ ಮುಖ ಮಾಡಿಕೊಂಡೇ ಕೇಳಿದರು. "ನಾನು ನಿನ್ನ ಕೆಲಸ ಕೆಡಿಸ್ತಿದೀನಿ ಅಂದ್ಕೊಂಡ್ಯಲ್ಲ?"

"ಅಂದ್ಕೊಂಡೆ."

"ಆ ಮಕ್ಕಳು ಓದೋದನ್ನ ನಾನು ಅಡುಗೆಮನೆಯಿಂದ ಕೇಳ್ತೀನಿ. ಆ ಕೀರಲು ದನಿ ಹುಡುಗಿ ಈಗ ತಪ್ಪಿಲ್ಲದೆ ಓದ್ತಾಳೆ." ಕ್ಷಮಿಸಿ ಎನ್ನುವ ಮಾತು ಇಬ್ಬರ ಬಾಯಿಗೂ ಬರಲಿಲ್ಲ.

ಆ ಸಂಜೆಯ ಪಾಠಕ್ಕೆ ಪರದೆಯಲ್ಲಿ ಕುಲ್ಜಾನ್ ಎಜೆಯೂ ಬಂದು ಕೂತಿದ್ದರು, ನನ್ನನ್ನು ಪರೀಕ್ಷಿಸಲೆಂದೇ. ಅದಕ್ಕೆ ಮುಂಚೆ ನಾನು ಹೊಸ ವೈರನ್ನು ತುದಿಯಿಂದ ತುದಿಗೆ ಬೆರಳಾಡಿಸಿ ನೋಡಿದ್ದೆ. ಮಣಿ ಇರಲಿಲ್ಲ. ಮುಚ್ಚಳ, ಮೇಜಿನ ಅಡಿ, ಕಂಬಳಿಯ ಕೆಳಗೆ ಎಲ್ಲೂ ಇರಲಿಲ್ಲ. ಅಷ್ಟು ಸುಲಭಕ್ಕೆ ಬಿಡುವವರಲ್ಲ ಅಪಾ. ಎಲ್ಲಿಟ್ಟಿದ್ದಾರೆ?

ಕೀರಲು ದನಿಯ ಹುಡುಗಿ ಓದುತ್ತಿದ್ದಾಗ ದೀಪ ಹೋಯಿತು. ಕೋಣೆ ಕಪ್ಪಾಯಿತು, ಕಿಟಕಿಯಾಚೆಯ ಬೀದಿ ಕಪ್ಪಾಯಿತು. ಪರದೆ ಬೆಳಗುತ್ತಲೇ ಇತ್ತು. ಹುಡುಗಿ ನಿಲ್ಲಿಸದೆ ಓದಿದಳು.

"ಜಿಪಾರ್, ನಿನ್ನ ಮುಖ ಕತ್ತಲಲ್ಲಿದೆ, ದನಿ ಚೆನ್ನಾಗಿದೆ. ನಡೆಸು," ಎಂದರು ಕುಲ್ಜಾನ್ ಎಜೆ.

ಅಡುಗೆಮನೆಯಲ್ಲಿ ಒಲೆಯ ಬಾಗಿಲು ತೆರೆದ ಸದ್ದು, ಕಲ್ಲಿದ್ದಲು ಬಿದ್ದ ಸದ್ದು. ನಾನು ನಿರಾಳವಾಗಿ ಗೋಡೆಗೆ ಒರಗಿದೆ. ಬೆನ್ನಿಗೆ ಚುರುಕ್ಕೆಂದಿತು. ಕೈ ಹಿಂದೆ ಹಾಕಿ ತಡಕಿದೆ. ನನ್ನ ಸ್ವೆಟರಿನ ಒಳಮಡಿಕೆಯಲ್ಲಿ ಒಂದು ಸೇಫ್ಟಿಪಿನ್ನು, ಅದಕ್ಕೊಂದು ಮಣಿ. ದೊಡ್ಡದು.

ಪಿನ್ನನ್ನು ಬಿಗಿಯಾಗಿ ಮುಚ್ಚಿ, ಅಲ್ಲೇ ಬಿಟ್ಟು, ಮುಂದಿನ ಅಕ್ಷರ ತೋರಿಸಿದೆ.