ಅಕ್ಕನ ಹೆಸರಿನಲ್ಲಿ

ಮಾತ್ರೆಯ ಪಟ್ಟಿ ಒಡೆದ ಸದ್ದು, ಚಟ್ ಎಂದು. ಸ್ವಲ್ಪ ಹೊತ್ತಿಗೆ ಇನ್ನೊಂದು. ಅಕ್ಕನ ಮಂಚದ ಪಕ್ಕ ನೆಲದ ಮೇಲೆ ಮಲಗಿದ್ದ ತಂಗಿ ಕಣ್ಣು ಬಿಟ್ಟಳು. ರಾತ್ರಿಗೆ ಒಂದೇ ಎಂದು ಡಾಕ್ಟರು ಹೇಳಿದ್ದರು.

"ಎರಡು ತಗೊಂಡ್ಯಾ?"

"ನೀನೇನು ನನ್ನ ಸೂಪರ್‌ವೈಸರಾ? ಮಲ್ಕೋ." ಅಕ್ಕನ ದನಿಯಲ್ಲಿ ನಗುವಿತ್ತು, ಉಸಿರು ಸಾಲುತ್ತಿರಲಿಲ್ಲ.

ಶರ್ಟು ಹೊಲಿಯುವ ಕಾರ್ಖಾನೆಯಲ್ಲಿ ಇಬ್ಬರದೂ ಒಂದೇ ಯಂತ್ರ. ಬೆಳಗಿನ ಪಾಳಿ ಅಕ್ಕನದು, ಮಧ್ಯಾಹ್ನದ್ದು ತಂಗಿಯದು. ಮುಖದಲ್ಲಿ ಅಚ್ಚೊತ್ತಿದ ಹೋಲಿಕೆ. ಒಬ್ಬಳಿಗೆ ಜ್ವರ ಬಂದರೆ ಇನ್ನೊಬ್ಬಳು ಅವಳ ಗುರುತಿನ ಚೀಟಿ ಕೊರಳಿಗೆ ಹಾಕಿಕೊಂಡು ಎರಡೂ ಪಾಳಿ ಮುಗಿಸುತ್ತಿದ್ದಳು.

ಮೂರು ವರ್ಷದ ಹಿಂದೆ ಕಾರ್ಖಾನೆಗೆ ಸ್ತನ ಕ್ಯಾನ್ಸರ್ ತಪಾಸಣೆಯ ವ್ಯಾನು ಬಂದಿತ್ತು. ನಲವತ್ತು ದಾಟಿದವರೆಲ್ಲ ಹೋಗಬೇಕಿತ್ತು. ಅಮ್ಮ ಅದೇ ರೋಗದಲ್ಲಿ ನರಳಿದ್ದನ್ನು ಕಂಡಿದ್ದ ಅಕ್ಕ ವ್ಯಾನಿನ ಮೆಟ್ಟಿಲ ಬಳಿಯೇ ಬೆವೆತುಹೋದಳು. "ನನ್ನ ಕೈಲಾಗಲ್ಲ ಕಣೇ. ನನ್ನ ಹೆಸರಲ್ಲಿ ನೀನೇ ಹೋಗಿ ಬಾ." ತಂಗಿ ಮೊದಲ ದಿನ ತಾನಾಗಿ, ಮರುದಿನ ಅಕ್ಕನಾಗಿ ಹೋದಳು. ಚೀಟಿ ನೋಡಿದವರು ಮುಖ ನೋಡಲಿಲ್ಲ. ಎರಡು ವರದಿಯಲ್ಲೂ ಏನೂ ತೊಂದರೆ ಇರಲಿಲ್ಲ. "ನಿನ್ನೊಬ್ಬಳಿಗೇ ಎರಡು ಸರ್ಟಿಫಿಕೇಟು," ಎಂದು ಅಕ್ಕ ಚುಡಾಯಿಸಿದ್ದಳು.

ಆಮೇಲೆ ಅಕ್ಕನ ಎದೆಯಲ್ಲಿ ಗಂಟು ಕೈಗೆ ಸಿಕ್ಕಾಗ ಭಾವ ಅದೇ ವರದಿ ತೋರಿಸಿ ಹೆಂಡತಿಗೆ ಧೈರ್ಯ ಹೇಳಿದರು. ಅಕ್ಕ ಬಾಯಿ ಬಿಡಲಿಲ್ಲ. ತಂಗಿಗೆ ಗಂಟಿನ ವಿಷಯ ತಿಳಿಯುವಷ್ಟರಲ್ಲಿ ಏಳು ತಿಂಗಳು ಕಳೆದಿತ್ತು.

"ಭಾವನಿಗೆ ಹೇಳಿಬಿಡ್ಲಾ ಅಕ್ಕ?" ಮಂಚದ ಪಕ್ಕದ ಕತ್ತಲಿನಿಂದ ತಂಗಿ ಕೇಳಿದಳು.

"ಹೇಳಿ ಏನಾಗ್ಬೇಕು? ಹೆದರಿದ್ದು ನಾನು." ಅಕ್ಕ ಗೋಡೆಯ ಕಡೆ ತಿರುಗಿಕೊಂಡಳು. "ನೀನು ಆಗಲ್ಲ ಅಂದಿದ್ರೆ, ನಿನ್ನ ಬೈಕೊಂಡಾದ್ರೂ ಹೋಗ್ತಿದ್ನೇನೋ."

ಆಡಿದ ಮಾತು ಎಲ್ಲಿ ತಗುಲಿತೆಂದು ಅಕ್ಕನಿಗೆ ತಿಳಿಯಲಿಲ್ಲ. ನಿದ್ದೆ ಬಂದಿತ್ತು.

ಮುಂದಿನ ವಾರ ಅಕ್ಕ ತೀರಿಹೋದಳು.

ಎಲ್ಲ ಮುಗಿದು ಮನೆ ಖಾಲಿಯಾದ ಮೇಲೆ ಭಾವ ಅಡುಗೆಮನೆಯಲ್ಲಿ ಬಂದು ಕೂತರು. "ನಾವೇನು ಕಡಿಮೆ ಮಾಡಿದ್ವಿ ಹೇಳಮ್ಮ? ಟೆಸ್ಟೂ ಮಾಡಿಸಿದ್ಲು. ಅದರಲ್ಲೇ ಕಾಣಿಸ್ಲಿಲ್ಲ."

"ನಾಳೆ ನಾನು ತಪಾಸಣೆಗೆ ಹೋಗ್ಬೇಕು ಭಾವ."

"ಅದರಿಂದ ಏನು ಪ್ರಯೋಜನ?"

ಕುಹಕವಿರಲಿಲ್ಲ, ನಿಜವಾಗಿಯೂ ತಿಳಿಯಬೇಕೆಂಬಂತೆ ಅವಳ ಮುಖ ನೋಡಿದರು. ಎಲ್ಲ ಮಾಡಿದೆವು ಎಂಬ ಒಂದೇ ಮಾತನ್ನು ಹಿಡಿದುಕೊಂಡು ಆ ಮನುಷ್ಯ ಕೂತಿದ್ದರು. ಆ ಟೆಸ್ಟನ್ನು ಅಕ್ಕ ಮಾಡಿಸಿಕೊಂಡೇ ಇರಲಿಲ್ಲ ಎಂಬುದೇ ಅದಕ್ಕೆ ಉತ್ತರ. ಹೇಳುವುದಿಲ್ಲ, ಇವರಿಗೂ ಇಲ್ಲ, ಇನ್ನಾರಿಗೂ ಇಲ್ಲ ಎಂದು ತಂಗಿ ಆ ಕ್ಷಣವೇ ಮನಸ್ಸು ಗಟ್ಟಿ ಮಾಡಿಕೊಂಡಳು.

"ಹೋಗಿ ಬರ್ತೀನಿ ಭಾವ," ಎಂದಷ್ಟೇ ಅಂದು, ಅವರ ಮುಂದೆ ತಣ್ಣಗಾಗಿದ್ದ ಕಾಫಿ ಲೋಟ ಎತ್ತಿಕೊಂಡು ಬಿಸಿ ಮಾಡಲು ಒಲೆ ಹಚ್ಚಿದಳು.